ಆರು ಗಂಟೆಗೊಂದು ದಿನ

ಜನರ ಹೊಟ್ಟೆ ನಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಡಬ್ಬಿಯ ಮೇಲೆ ಅಂಟಿಸುವ ಚೀಟಿ ಮಾತ್ರ ಬರುತ್ತದೆ. ಡಬ್ಬಿಯೊಳಗಿನ ವಸ್ತು ಬೇರೊಂದು ಇಲಾಖೆಗೆ ಸೇರಿದ್ದು, ಅದನ್ನು ತಿಂದವರು ಇನ್ನೊಂದು ಇಲಾಖೆಗೆ ಸೇರಿದವರು. ಈ ವಿಂಗಡಣೆ ಇಷ್ಟು ಅಚ್ಚುಕಟ್ಟಾಗಿರುವುದರಿಂದಲೇ ಇಪ್ಪತ್ತೆರಡು ವರ್ಷಗಳಿಂದ ಚೀಟಿ ವಿಭಾಗದ ಹಿರಿಯ ಗುಮಾಸ್ತನಾಗಿರುವ ನನ್ನ ಆರೋಗ್ಯ ಗುಂಡುಕಲ್ಲಿನಂತಿದೆ.

ಪ್ರಸ್ತುತ ಕಡತ ಒಂದು ಕಿತ್ತಳೆ ಬಣ್ಣದ ಬಿಲ್ಲೆಗೆ ಸಂಬಂಧಿಸಿದ್ದು. ಜೀವಸತ್ವ ತುಂಬಿದ ಬಿಲ್ಲೆ, ಅಗಿದು ತಿನ್ನಬೇಕು, ವಯಸ್ಸಾದವರಿಗೆ ಹುಮ್ಮಸ್ಸು ಬರುತ್ತದೆಂದು ಕಾರ್ಖಾನೆಯವರ ಅಂಬೋಣ. ಸಕ್ಕರೆ ಹಾಕಿಲ್ಲ. ಬದಲಿಗೆ ಒಂದೊಂದು ಬಿಲ್ಲೆಯಲ್ಲೂ ಮೂರು ಗ್ರಾಂ ಸಾರ್ಬಿಟಾಲ್ ಇದೆ. ಇದು ಸಕ್ಕರೆ ಆಲ್ಕೋಹಾಲ್ ಎಂಬ ಗುಂಪಿಗೆ ಸೇರಿದ ಸಿಹಿ ಪುಡಿ, ಅಮಲೇನೂ ಇಲ್ಲ. ಕರುಳು ಇದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಹೆಚ್ಚಾದರೆ ಅದು ದೇಹದ ನೀರನ್ನೂ ಜೊತೆಗೆ ಕರೆದುಕೊಂಡು ಹೊರಟುಬಿಡುತ್ತದೆ.

ಆದ್ದರಿಂದ ನಮ್ಮ ನಿಯಮ ಹದಿನೇಳು ಹೀಗೆ ಹೇಳುತ್ತದೆ: ‘ಒಂದು ದಿನದ ಪ್ರಮಾಣದಲ್ಲಿ ಸಾರ್ಬಿಟಾಲ್ ಹತ್ತು ಗ್ರಾಂ ಮೀರಿದಲ್ಲಿ, ಭೇದಿಯಾಗಬಹುದು ಎಂಬ ಎಚ್ಚರಿಕೆಯನ್ನು ಚೀಟಿಯ ಮೇಲೆ ಅಚ್ಚು ಹಾಕತಕ್ಕದ್ದು.’ ಡಬ್ಬಿಯ ಮೇಲೆ ದಿನಕ್ಕೆ ನಾಲ್ಕು ಬಿಲ್ಲೆ ಎಂದಿತ್ತು. ನಾಲ್ಕು ಮೂರಲ ಹನ್ನೆರಡು. ಎಚ್ಚರಿಕೆ ಮಾತ್ರ ಇರಲಿಲ್ಲ. ತಾತ್ಕಾಲಿಕ ಅನುಮತಿಯ ಮೇಲೆ ಒಂದು ವರ್ಷದಿಂದ ಮಾರಾಟವಾಗುತ್ತಿದ್ದ ಆ ಡಬ್ಬಿಯ ಚೀಟಿ ಈಗ ಕಾಯಂ ಆಗಲೆಂದು ನನ್ನ ಮೇಜಿಗೆ ಬಂದಿತ್ತು.

ಮಗ್ಗಿಯ ಈ ಅಡಚಣೆಯನ್ನು ಪತ್ತೆ ಮಾಡಿದವಳು ನಮ್ಮ ಪ್ರಯೋಗಾಲಯದ ಪರೀಕ್ಷಕಿ. ವರದಿ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತಳು.

“ಸಾರ್, ಆ ಒಂದು ಸಾಲು ಅಚ್ಚಾಗಲೇಬೇಕು.”

“ಆಗುತ್ತಮ್ಮಾ. ಅಷ್ಟೊಂದು ಅವಸರ ಯಾಕೆ?”

“ನಮ್ಮ ಮಾವ ಇದನ್ನೇ ತಿಂತಿದ್ದಾರೆ ಸಾರ್. ಮೂರು ತಿಂಗಳಲ್ಲಿ ಎಂಟು ಕೆಜಿ ಇಳಿದುಹೋಗಿದ್ದಾರೆ.”

ಆಕೆಯ ಮಾವ ಅಚ್ಚುಕೂಟವೊಂದರಲ್ಲಿ ನಲವತ್ತು ವರ್ಷ ಕರಡು ತಿದ್ದಿ ನಿವೃತ್ತರಾದವರು. ಅಚ್ಚಾದ ಮಾತನ್ನು ಬಿಟ್ಟು ಬೇರೆ ಯಾವ ಮಾತನ್ನೂ ನಂಬಿದವರಲ್ಲ. ಬಿಲ್ಲೆಯಿಂದಲೇ ಹೊಟ್ಟೆ ಕೆಡುತ್ತಿದೆ ಎಂದು ಸೊಸೆ ಹೇಳಿದಳು. “ಡಬ್ಬಿ ಮೇಲೆ ಎಲ್ಲಿದೆ ತೋರಿಸು” ಎಂದರು. ವೈದ್ಯರು ನಿಲ್ಲಿಸಿ ಎಂದು ಬರೆದುಕೊಟ್ಟರು. ಅದು ಕೈಬರಹ, ಸಾಲದ್ದಕ್ಕೆ ಓದಲು ಬರುವುದಿಲ್ಲ ಎಂದು ಮಡಚಿ ಕಿಸೆಗೆ ಹಾಕಿಕೊಂಡರು. ಕೊನೆಗೆ ಆಕೆ ಎಚ್ಚರಿಕೆಯನ್ನು ತಾನೇ ಮುದ್ರಿಸಿ ರಾತ್ರೋರಾತ್ರಿ ಡಬ್ಬಿಗೆ ಅಂಟಿಸಿದಳು. ಅವರು ಕನ್ನಡಕ ಏರಿಸಿ ನೋಡಿ, “ಇದು ನಮ್ಮನೆ ಪ್ರಿಂಟರ್ ಕಣಮ್ಮ, ಅಕ್ಷರದ ಬಾಲ ನೋಡಿದ್ರೆ ಗೊತ್ತಾಗಲ್ವಾ” ಎಂದು ನಕ್ಕು ಇನ್ನೊಂದು ಬಿಲ್ಲೆ ಬಾಯಿಗೆ ಹಾಕಿಕೊಂಡರಂತೆ. ಸಂಜೆಯ ಹೊತ್ತು ಗೆಳೆಯರೊಡನೆ ಉದ್ಯಾನದಲ್ಲಿ ನಡೆಯುತ್ತಿದ್ದವರು ಈಗ ಬಚ್ಚಲುಮನೆ ಕಣ್ಣಿಗೆ ಕಾಣುವ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ನನಗೆ ಪಾಪ ಅನಿಸಿತು. ಪಾಪ ಅನಿಸಿದ್ದನ್ನು ದಾಖಲಿಸಲು ನಮ್ಮಲ್ಲಿ ನಮೂನೆ ಇಲ್ಲವಾದ್ದರಿಂದ ಸಭೆ ಕರೆಯಲು ಟಿಪ್ಪಣಿ ಬರೆದೆ.

ಸಭೆಗೆ ನಿರ್ದೇಶಕರು, ಕಾರ್ಖಾನೆಯ ವ್ಯವಸ್ಥಾಪಕರು, ಪರೀಕ್ಷಕಿ ಮತ್ತು ನಾನು ಹಾಜರಿದ್ದೆವು. ವ್ಯವಸ್ಥಾಪಕರು ಡಬ್ಬಿಯನ್ನು ಮೇಜಿನ ನಡುವೆ ಇಟ್ಟು, ಅದರ ತಲೆ ಸವರಿದರು.

“ನೀವೇ ನೋಡಿ ಸಾರ್. ಹುಟ್ಟುತ್ತಿರೋ ಸೂರ್ಯ, ನಗ್ತಿರೋ ಅಜ್ಜ. ಆ ಅಜ್ಜನ ಕೆಳಗೆ ಭೇದಿ ಅಂತ ಬರೆದ್ರೆ, ಮತ್ತೆ ಇವನು ಯಾಕೆ ನಗ್ತಿದ್ದಾನೆ ಅಂತ ಜನ ಕೇಳಲ್ವಾ?”

“ಹಾಗಾದ್ರೆ ದಿನಕ್ಕೆ ಮೂರೇ ಬಿಲ್ಲೆ ಅಂತ ಹಾಕಿ” ಎಂದಳು ಪರೀಕ್ಷಕಿ.

“ಅಯ್ಯೋ, ಮಾರಾಟ ಕಾಲು ಭಾಗ ಬಿದ್ದೋಗುತ್ತೆ! ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ತಾಯಿ.”

ನಿರ್ದೇಶಕರು ಬಹಳ ಹೊತ್ತು ಸೀಲಿಂಗ್ ಫ್ಯಾನನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ದಿನ ಅಂದ್ರೆ ಏನು ಅಂತ ನಮ್ಮ ನಿಯಮದಲ್ಲಿ ಇದೆಯೇನ್ರೀ?” ಎಂದು ಕೇಳಿದರು.

ನಾನು ಪುಸ್ತಕ ತಿರುವಿದೆ. ಅದರಲ್ಲಿ ಡಬ್ಬಿ, ಮುಚ್ಚಳ, ಚೀಟಿ, ಅಂಟು ಎಲ್ಲಕ್ಕೂ ವ್ಯಾಖ್ಯೆಯಿತ್ತು. ದಿನಕ್ಕೆ ಇರಲಿಲ್ಲ.

“ಇಲ್ಲ ಸಾರ್.”

“ಇಷ್ಟು ವರ್ಷ ಹೇಗೆ ನಡೀತು ಹಾಗಾದ್ರೆ?”

ಈ ಗಂಭೀರ ಲೋಪವನ್ನು ಸರಿಪಡಿಸಲು ಸ್ಥಳದಲ್ಲೇ ಉಪಸಮಿತಿ ರಚನೆಯಾಯಿತು. ನಿರ್ದೇಶಕರು ಅಧ್ಯಕ್ಷರು, ವ್ಯವಸ್ಥಾಪಕರು ಸದಸ್ಯರು. ಪರೀಕ್ಷಕಿಯ ಮನೆಯವರೇ ಬಿಲ್ಲೆ ತಿನ್ನುತ್ತಿರುವುದರಿಂದ ಆಕೆ ನಿಷ್ಪಕ್ಷಪಾತಿಯಲ್ಲವೆಂದು ಹೊರಗೆ ಕಳಿಸಲಾಯಿತು. ಉಪಸಮಿತಿ ಮೊದಲು ಹನ್ನೆರಡು ಗಂಟೆಯ ದಿನವನ್ನು ಪರಿಶೀಲಿಸಿತು, ಟೀ ಬಂದ ಮೇಲೆ ಆರಕ್ಕೆ ಇಳಿಯಿತು. ಮೂರು ಗಂಟೆಯ ದಿನವನ್ನೂ ಸದಸ್ಯರು ಸೂಚಿಸಿದರಾದರೂ ಅಧ್ಯಕ್ಷರು ಖಡಾಖಂಡಿತವಾಗಿ ನಿರಾಕರಿಸಿದರು. ಜನಹಿತದ ವಿಷಯದಲ್ಲಿ ಅವರು ರಾಜಿಯಾಗುವವರಲ್ಲ.

ಸುತ್ತೋಲೆ ಹೀಗಿತ್ತು: ‘ಚೀಟಿಯ ಉದ್ದೇಶಕ್ಕಾಗಿ ದಿನ ಎಂದರೆ ನಿರಂತರವಾದ ಆರು ಗಂಟೆಗಳ ಅವಧಿ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು ಹಾಗೂ ರಾತ್ರಿ ಹನ್ನೆರಡಕ್ಕೆ ಹೊಸ ದಿನ ಆರಂಭವಾಗತಕ್ಕದ್ದು. ಸೂರ್ಯನ ಚಲನೆಯನ್ನು ಆಧಾರವಾಗಿಟ್ಟುಕೊಂಡ ಆಕ್ಷೇಪಣೆಗಳನ್ನು ಪರಿಗಣಿಸಲಾಗುವುದಿಲ್ಲ.’

ಇದಕ್ಕೆ ಪ್ರತಿಯಾಗಿ ಕಾರ್ಖಾನೆಯವರು ದೊಡ್ಡ ಮನಸ್ಸು ಮಾಡಿ ದಿನದ ಪ್ರಮಾಣವನ್ನು ನಾಲ್ಕರಿಂದ ಮೂರಕ್ಕೆ ಇಳಿಸಿದರು. ಮೂರು ಮೂರಲ ಒಂಬತ್ತು ಗ್ರಾಂ. ಎಚ್ಚರಿಕೆಯ ಅಗತ್ಯ ಬೀಳಲಿಲ್ಲ. ದಿನದ ಹೊಸ ವ್ಯಾಖ್ಯೆಯೂ ಅಚ್ಚಾಗಿ ಚೀಟಿ ಕಾಯಂ ಆಯಿತು. ತಿಂಗಳಿಗೆ ಒಂದು ಡಬ್ಬಿ ಸಾಕಾಗುತ್ತಿದ್ದವರಿಗೆ ಮೂರು ಬೇಕಾಗತೊಡಗಿದವು. ಪ್ರಮಾಣ ಇಳಿಸಿದರೂ ಮಾರಾಟ ಮೂರು ಪಟ್ಟು ಏರಿದ್ದನ್ನು ಪ್ರಾಮಾಣಿಕತೆಗೆ ಸಿಕ್ಕ ಪ್ರತಿಫಲವೆಂದು ನಿರ್ದೇಶಕರು ವಾರ್ಷಿಕ ವರದಿಯಲ್ಲಿ ಬಣ್ಣಿಸಿದರು.

ಪರೀಕ್ಷಕಿಯ ಮಾವ ಹೊಸ ಚೀಟಿಯನ್ನು ಎರಡು ಸಲ ಓದಿ, ಮರುದಿನವೇ ಅಲಾರಂ ಗಡಿಯಾರ ತರಿಸಿದರು. ದಿನಕ್ಕೆ ಮೂರರಂತೆ, ಒಂದು ಬೆಳಗಿನಿಂದ ಮರುಬೆಳಗಿನವರೆಗಿನ ನಾಲ್ಕು ದಿನಕ್ಕೆ ಹನ್ನೆರಡು ಬಿಲ್ಲೆ. ಆಕೆ ಡಬ್ಬಿ ಬಚ್ಚಿಟ್ಟರೆ ಮಾವ ಫೋನ್ ಮಾಡಿದ ಹತ್ತೇ ನಿಮಿಷಕ್ಕೆ ಅಂಗಡಿಯವನು ಇನ್ನೊಂದು ತಂದುಕೊಡುತ್ತಿದ್ದ. ಆಕೆ ಮತ್ತೆ ನನ್ನ ಮುಂದೆ ಬಂದು ನಿಂತಾಗ ಅತ್ತು ಅತ್ತು ಕಣ್ಣು ಊದಿತ್ತು. “ನಿಮಗೆ ಕೈ ಮುಗೀತೀನಿ ಸಾರ್. ಒಂದೇ ಒಂದು ಸಾಲು. ಎಲ್ಲಾದ್ರೂ ಅಚ್ಚು ಹಾಕ್ಸಿ. ಅವರು ಓದಿದ್ರೆ ನಿಲ್ಲಿಸ್ತಾರೆ” ಎಂದಳು.

ನಮ್ಮ ಇಲಾಖೆಯದೇನೂ ಕಲ್ಲುಹೃದಯವಲ್ಲ. ಎಚ್ಚರಿಕೆಯನ್ನು ಒಳ್ಳೆಯ ಕಾಗದದ ಮೇಲೆ ಪ್ರತ್ಯೇಕ ಪತ್ರವಾಗಿ ಅಚ್ಚು ಹಾಕಿಸಿ, ಮೂರನೇ ಮಹಡಿಯ ಕಿಟಕಿಯಲ್ಲಿ ವಿತರಿಸಲು ಆದೇಶವಾಯಿತು. ಬಾಧಿತರು ಖುದ್ದಾಗಿ ಬರಬೇಕು. ಹತ್ತರಿಂದ ಹನ್ನೆರಡರವರೆಗೆ ಸಾಲಿನಲ್ಲಿ ನಿಲ್ಲಬೇಕು. ಯಾವುದೇ ಕಾರಣಕ್ಕೆ ಸಾಲು ಬಿಟ್ಟು ಹೋದವರು ಹೊಸದಾಗಿ ಅರ್ಜಿ ಹಾಕಬೇಕು. ಶೌಚಾಲಯ ಸಿಬ್ಬಂದಿಗೆ ಮಾತ್ರ. ಮೊದಲ ತಿಂಗಳು ಕಿಟಕಿ ಮುಟ್ಟಿದವರು ಒಬ್ಬರೂ ಇಲ್ಲ. ಬೇಡಿಕೆಯೇ ಇಲ್ಲವಲ್ಲ ಎಂದು ನಿರ್ದೇಶಕರು ಹುಬ್ಬೇರಿಸಿದರು.

ಹಾಗೆ ಮುಟ್ಟಿದ ಮೊದಲಿಗರು ಪರೀಕ್ಷಕಿಯ ಮಾವ. ಹತ್ತು ನಿಮಿಷದ ದಾರಿಗೆ ಐದು ಕಡೆ ಟ್ಯಾಕ್ಸಿ ನಿಲ್ಲಿಸಿ, ಸೊಸೆಯ ತೋಳು ಹಿಡಿದು, ಮೆಟ್ಟಿಲಿಗೊಮ್ಮೆ ಕೂತು ಎದ್ದು ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿಯೊಳಗೆ ಮನುಷ್ಯ ಎಲ್ಲಿದ್ದಾರೆಂದು ಹುಡುಕಬೇಕಾಗಿತ್ತು. ಕಿಟಕಿಯೊಳಗೆ ಚಾಚಿದ ಆ ಮಣಿಕಟ್ಟು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಎರಡು ಕಡೆ ರುಜು ಹಾಕಿಸಿಕೊಂಡು ಪತ್ರ ಕೊಟ್ಟೆ.

ಅವರು ಕಾಗದ ಮುಟ್ಟಿ ನೋಡಿದರು, ಬೆಳಕಿಗೆ ಹಿಡಿದರು, ಕಣ್ಣಿಗೆ ಹತ್ತಿರ ತಂದು ನಿಧಾನವಾಗಿ ಓದಿದರು.

“ಅಚ್ಚು ಬಹಳ ಚೆನ್ನಾಗಿದೆ. ಒಂದು ತಪ್ಪೂ ಇಲ್ಲ” ಎಂದರು.

“ನೋಡಿದ್ರಲ್ಲ ಮಾವ? ನಾನು ಹೇಳಿರ್ಲಿಲ್ವಾ?”

“ಹೂಂ. ದಿನಕ್ಕೆ ಹತ್ತು ಗ್ರಾಂ ಮೀರಬಾರದು ಅಂತಿದೆ. ದಿನ ಅಂದ್ರೆ ಆರು ಗಂಟೆ ಅಂತ ಕೆಳಗೇ ಹಾಕಿದ್ದಾರೆ. ನಾನು ತಿನ್ನೋದು ಒಂಬತ್ತೇ ಗ್ರಾಂ ಅಲ್ವೇನಮ್ಮ? ಇದು ನನಗೆ ಅನ್ವಯಿಸಲ್ಲ.”

“ದಿನ ಅಂದ್ರೆ ಇಪ್ಪತ್ನಾಲ್ಕು ಗಂಟೆ ಮಾವ! ನಿಮಗೆ ಗೊತ್ತಿಲ್ವಾ?”

“ನಾನೂ ಹಾಗೇ ಅಂದ್ಕೊಂಡಿದ್ದೆ ಕಣೇ. ಜೀವನವೆಲ್ಲ ಬೇರೆಯವರ ತಪ್ಪು ತಿದ್ದಿದೆ. ಈಗ ನನ್ನದನ್ನ ತಿದ್ದಿದ್ದಾರೆ” ಎಂದು ಅವರು ನನ್ನ ಕಡೆ ನೋಡಿ ಕೃತಜ್ಞತೆಯಿಂದ ತಲೆಬಾಗಿದರು.

ಅಷ್ಟರಲ್ಲಿ ಗೋಡೆಯ ಗಡಿಯಾರ ಹನ್ನೆರಡು ತೋರಿಸಿತು. ಹೊಸ ದಿನ ಆರಂಭವಾಯಿತು. ಅವರು ಕಿಸೆಯಿಂದ ಡಬ್ಬಿ ತೆಗೆದರು, ಆದರೆ ಮುಚ್ಚಳ ತಿರುವಲು ಬೆರಳಿಗೆ ಕಸುವಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಡಬ್ಬಿ ತೆಗೆಯುತ್ತಿದ್ದರು. ಪರೀಕ್ಷಕಿ ಆ ಸಾಲನ್ನು ಕೊನೆಯವರೆಗೂ ಒಮ್ಮೆ ನೋಡಿದಳು. ಆಮೇಲೆ ಡಬ್ಬಿ ಈಸಿಕೊಂಡು, ತಾನೇ ಮುಚ್ಚಳ ತೆಗೆದು, ಮೂರು ಬಿಲ್ಲೆ ಎಣಿಸಿ ಮಾವನ ಅಂಗೈಗೆ ಹಾಕಿದಳು. ನಾನು ಕುಡಿಯಲು ನೀರು ಕೊಟ್ಟೆ, ಮತ್ತು ಎಚ್ಚರಿಕೆ ತಲುಪಿದೆ, ಓದಿ ಒಪ್ಪಿದ್ದಾರೆ ಎಂದು ನಮೂದಿಸಿ ಕಿಟಕಿ ಮುಚ್ಚಿದೆ.