ಚರಂಡಿಯ ಕೆಳಗೆ ಬೀದಿನಾಯಿ

ಕೇಳದೇ ಸಹಾಯ ಮಾಡುವವರನ್ನು ಕಂಡರೆ ನನಗಾಗದು. ಮದುವೆಮನೆಯಲ್ಲಿ ಬೇಡವೆಂದರೂ ಅನ್ನ ಸುರಿಯುವವರನ್ನು ಹೇಗೋ ತಡೆಯಬಹುದು, ಎಲೆಗೆ ಕೈ ಅಡ್ಡ ಹಿಡಿದರಾಯಿತು. ನನ್ನ ಕಂಪ್ಯೂಟರಿನಲ್ಲಿ ಪತ್ರ ಬರೆಯುವ ಪ್ರೋಗ್ರಾಮಿಗೆ ಏನನ್ನು ಅಡ್ಡ ಹಿಡಿಯೋಣ? ಒಂದು ಸಾಲಿನ ಮುಂದೆ ಚುಕ್ಕೆ ಇಟ್ಟರೆ ಮುಂದಿನ ಸಾಲಿಗೆ ತಾನೇ ಚುಕ್ಕೆ ಇಡುತ್ತದೆ. ಬೇಡವೆಂದರೆ ಸಾಲನ್ನೇ ಒಳಕ್ಕೆ ತಳ್ಳುತ್ತದೆ. ಅಳಿಸಲು ಹೋದರೆ ನಾನು ಬರೆದದ್ದನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಇದನ್ನು ಮಾಡಿದ ಮಹಾಶಯ ಜನ್ಮದಲ್ಲಿ ಒಂದು ಮನವಿ ಪತ್ರ ಬರೆದಿರಲಾರ.

ನಾನು ಬರೆಯಬೇಕಾಯಿತು. ಚಾಮರಾಜಪುರಂನ ನಮ್ಮ ಅಡ್ಡರಸ್ತೆಯ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಮನೆಯಲ್ಲಿ ಪ್ರಿಂಟರ್ ಇರುವುದೇ ನನ್ನ ಅರ್ಹತೆ. ಶನಿವಾರ ಬೆಳಿಗ್ಗೆ ವಾರ್ಡಿನ ಅಧಿಕಾರಿ ರಸ್ತೆ ನೋಡಲು ಬರುತ್ತಾರೆಂದು ಗೊತ್ತಾಯಿತು. ನಮ್ಮದು ಮೂರೇ ಬೇಡಿಕೆ: ಗೌರಮ್ಮನವರ ಬಾಗಿಲಲ್ಲಿ ಉಕ್ಕುವ ಚರಂಡಿ, ರುದ್ರಪ್ಪನವರ ವಾಕಿಂಗಿಗೆ ಬೆನ್ನುಹತ್ತುವ ಬೀದಿನಾಯಿಗಳು, ಯುಗಾದಿಯಿಂದ ಉರಿಯದ ನಮ್ಮ ಮನೆ ಮುಂದಿನ ದೀಪ. ಆ ಕತ್ತಲಲ್ಲಿ ಎಡವಿ ಕಾಲು ಉಳುಕಿಸಿಕೊಂಡಿದ್ದ ನನ್ನ ಹೆಂಡತಿ ಸುಶೀಲ, "ಕಾರ್ಯದರ್ಶಿ ಆಗಿ ಒಂದು ಬಲ್ಬಾದ್ರೂ ಹಾಕ್ಸೋಕಾಗಲ್ವಾ?" ಎಂದು ದಿನವೂ ಕೇಳುತ್ತಿದ್ದಳು. ಆದರೂ ತನ್ನದನ್ನೇ ಮೊದಲು ಬರೆದುಕೊಂಡ ಎನ್ನಿಸಿಕೊಳ್ಳಬಾರದೆಂದು ದೀಪವನ್ನು ಕೊನೆಗೆ ಇಟ್ಟೆ. ನನ್ನ ದೊಡ್ಡತನಕ್ಕೆ ನಾನೇ ತಲೆದೂಗಿದೆ.

ಶುಕ್ರವಾರ ಸಂಜೆ ಕರಡು ನೋಡಲು ಬಂದ ರುದ್ರಪ್ಪನವರು ಮುಖ ಊದಿಸಿಕೊಂಡರು. ಅವರ ಬೀದಿನಾಯಿ ಒಳಕ್ಕೆ ಸರಿದು ಚರಂಡಿಯ ಉಪಬೇಡಿಕೆಯಾಗಿ ಕುಳಿತಿತ್ತು.

"ಏನ್ರೀ ಇದು? ನನ್ನ ನಾಯೀನ ತಗೊಂಡೋಗಿ ಆಯಮ್ಮನ ಚರಂಡಿ ಕೆಳಗೆ ಹಾಕ್ಬುಟ್ಟಿದ್ದೀರಲ್ಲ! ನಾನೇನು ಅವರಿಗಿಂತ ಕಮ್ಮೀನಾ?"

"ನಾನಲ್ಲ ಸಾರ್, ಕಂಪ್ಯೂಟರ್ ಹಾಕಿದ್ದು."

"ನಾನು ಯಾರು ಅಂತ ಕಂಪ್ಯೂಟರ್‌ಗೆ ಎಂಗೆ ಗೊತ್ತಾಯ್ತದೆ? ನೀವೇ ಹೇಳ್ಕೊಟ್ಟಿರ್ತೀರಿ ಕಣ್ರೀ."

ಒಂದು ಚುಕ್ಕೆ ಬೆರಳಗಲ ಒಳಗೆ ಸರಿದರೆ ಮಾನ ಹೋಯಿತೆನ್ನುವ ಮನುಷ್ಯ! ವಯಸ್ಸಾದರೆ ಬುದ್ಧಿ ಬರುತ್ತದೆಂದು ಯಾರು ಹೇಳಿದರೋ. ನಗು ನುಂಗಿಕೊಂಡು ನಾಯಿಯನ್ನು ಹೊರಕ್ಕೆಳೆದೆ. ಆಗ ಚುಕ್ಕೆಗಳೆಲ್ಲ ಮೇಷ್ಟರು ಹಾಕುವಂಥ ಸರಿ ಗುರುತುಗಳಾದವು. ಹಾಗೇ ಕೊಟ್ಟಿದ್ದರೆ ಅಧಿಕಾರಿ ಈ ರಸ್ತೆಯ ಕೆಲಸವೆಲ್ಲ ಮುಗಿದಿದೆ ಎಂದು ಸಂತೋಷದಿಂದ ಹಿಂತಿರುಗುತ್ತಿದ್ದರು. ಅದನ್ನೂ ತಿದ್ದಿ, ರುದ್ರಪ್ಪನವರನ್ನು ಕಾಫಿ ಕೊಟ್ಟು ಕಳುಹಿಸಿದೆ.

ಬೆಳಿಗ್ಗೆ ಮುದ್ರಿಸುವ ಮುನ್ನ ಇನ್ನೊಮ್ಮೆ ನೋಡಿದರೆ, ನನ್ನ ದೀಪ ಬೀದಿನಾಯಿಯ ಕೆಳಗೆ ಒಳಸರಿದು ನಿಂತಿದೆ! ಅವರಿಬ್ಬರಿಗೂ ತುಂಬಿದ ಕರಿಚುಕ್ಕೆ, ನನಗೆ ಖಾಲಿ ಸೊನ್ನೆ. ಮೈ ಉರಿದುಹೋಯಿತು. ಸಂಘಕ್ಕೆ ಜೀವ ತೇಯುವವನು ನಾನು, ಕಾಗದ ನನ್ನದು, ಶಾಯಿ ನನ್ನದು, ನಾಯಿಯ ಕೆಳಗೆ ನಾನೇ! ದೀಪವನ್ನು ಹೊರಗೆಳೆದರೆ ನಾಯಿ ಒಳಗೆ ಹೋಯಿತು. ನಾಯಿಯನ್ನು ಎಳೆದರೆ ಚರಂಡಿ ಪುಟದ ನಡುವಿಗೆ ಬಂತು.

"ಜೀಪು ಬಂತು ಕಣ್ರೀ, ಹೋಗಿ!" ಎಂದು ಸುಶೀಲ ಬಾಗಿಲಿಂದ ಕೂಗಿದಳು.

"ಒಂದ್ನಿಮಿಷ ತಾಳೇ. ದೀಪ ಇನ್ನೊಂದು ಚೂರು ಆಚೆ ಬರ್ಬೇಕು."

ಮೂರೂ ಒಂದೇ ಗೆರೆಗೆ ಬಂದು, ಬಿಸಿ ಕಾಗದ ಹಿಡಿದು ನಾನು ಓಡಿದಾಗ ಜೀಪು ತಿರುವು ದಾಟಿ ಹೊರಟುಹೋಗಿತ್ತು. ಗೌರಮ್ಮನವರು ಅಧಿಕಾರಿಯನ್ನು ನೇರ ಚರಂಡಿಯ ಪಕ್ಕ ನಿಲ್ಲಿಸಿ ಮೂಗು ಮುಚ್ಚಿಸಿದ್ದರಂತೆ. ಇಬ್ಬರು ಕೆಲಸದವರು ಆಗಲೇ ಚಪ್ಪಡಿ ಎತ್ತುತ್ತಿದ್ದರು. ಸೋಮವಾರ ನಾಯಿ ಹಿಡಿಯುವ ಗಾಡಿ ಬರುತ್ತದೆಂದು ರುದ್ರಪ್ಪನವರೂ ಮಾತು ತೆಗೆದುಕೊಂಡಿದ್ದರು.

"ಇನ್ನೇನಾದ್ರೂ ಇದ್ಯಾ ಅಂತ ಕೇಳಿದ್ರು ಕಣ್ರೀ," ಎಂದರು ರುದ್ರಪ್ಪನವರು. "ನಿಮ್ಮ ದೀಪ ನೆನಪಾಯ್ತು. ಕಾರ್ಯದರ್ಶಿಗಳು ಬರವಣಿಗೇಲಿ ಕೊಡ್ತಾರಲ್ಲ, ನಾವ್ಯಾಕೆ ಬಾಯಿ ಹಾಕೋದು ಅಂತ ಸುಮ್ಕಾಗ್ಬುಟ್ಟೆ."

ಮನೆಗೆ ಬಂದು ಕಾಗದವನ್ನು ಸುಶೀಲಳ ಕೈಗಿತ್ತೆ. ಅವಳು ಸಾವಕಾಶವಾಗಿ ಓದಿ, "ಗೇಟಿಗೆ ಅಂಟಿಸ್ರಿ. ಎಡವಿ ಬಿದ್ದೋರು ಟಾರ್ಚ್ ಹಾಕ್ಕೊಂಡು ಓದ್ಕೋತಾರೆ" ಎಂದು ಒಳಗೆ ಹೋದಳು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಕಾಗದವನ್ನು ಮಡಿಸುವ ಮೊದಲು ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದೆ. ನನ್ನ ಚುಕ್ಕೆ ರುದ್ರಪ್ಪನವರ ಚುಕ್ಕೆಗಿಂತ ಕೂದಲೆಳೆಯಷ್ಟು ಹೊರಗೇ ಇತ್ತು. ಸುಳ್ಳೇಕೆ ಹೇಳಲಿ, ಮನಸ್ಸಿಗೆ ಒಂದಿಷ್ಟು ಸಮಾಧಾನವಾಯಿತು.