ಭಾವನ ಬೆರಳುಗಳ ಚಳಿಗಾಲ

ನಮ್ಮ ಭಾವನಿಗೆ ಹತ್ತು ಮಕ್ಕಳು. ಗಾಬರಿಯಾಗಬೇಡಿ, ಹತ್ತೂ ಅವರ ಕೈಬೆರಳುಗಳೇ! ಹೊಟ್ಟೆಯಲ್ಲಿ ಹುಟ್ಟಿದವು ಅವರಿಗಿರಲಿಲ್ಲ. ಇದ್ದಿದ್ದರೂ ಇಷ್ಟು ಮುದ್ದು ಮಾಡಿ ಸಾಕುತ್ತಿದ್ದರೆಂದು ನನಗೆ ನಂಬಿಕೆಯಿಲ್ಲ. ದೀಪಾವಳಿ ಕಳೆದು, ಮಧುಗಿರಿ ಬೆಟ್ಟದ ಕಡೆಯಿಂದ ಒಣಗಾಳಿ ಇಳಿಯತೊಡಗಿತೆಂದರೆ ಊರವರೆಲ್ಲ ಅಟ್ಟದ ಮೇಲಿಂದ ಕಂಬಳಿ ಇಳಿಸುತ್ತಿದ್ದರು. ನಮ್ಮ ಭಾವ ಹರಳೆಣ್ಣೆಯ ಗಡಿಗೆ ಇಳಿಸುತ್ತಿದ್ದರು.

ಇದನ್ನು ಬರೀ ಶೋಕಿ ಎಂದುಕೊಂಡರೆ ಭಾವನಿಗೆ ಅನ್ಯಾಯವಾಗುತ್ತದೆ. ಅವರದು ಪೇಟೆ ಬೀದಿಯಲ್ಲಿ ರೇಷ್ಮೆ ಸೀರೆಯ ಅಂಗಡಿ. ಮಾಘ ಮಾಸದ ಮದುವೆಗಳಿಗೆ ಜವಳಿ ತೆಗೆಯಲು ಶಿರಾದಿಂದ, ಪಾವಗಡದಿಂದ, ಕೊರಟಗೆರೆಯಿಂದ ಜನ ಗಾಡಿ ಕಟ್ಟಿಕೊಂಡು ಬರುವುದು ಚಳಿಗಾಲದಲ್ಲಿ. ಮನುಷ್ಯನ ಕೈ ಒಡೆಯುವುದೂ ಚಳಿಗಾಲದಲ್ಲೇ! ಒಡೆದ ಬೆರಳು ರೇಷ್ಮೆಗೆ ತಗುಲಿದರೆ ಒಂದು ಎಳೆ ಚರ್‍ರೆಂದು ಎದ್ದುಬರುತ್ತದೆ. ಎಳೆ ಕಿತ್ತ ಸೀರೆಯನ್ನು ಯಾವ ಮದುಮಗಳು ಉಟ್ಟಾಳು? ಭಾವನ ಇಡೀ ವರ್ಷದ ಅನ್ನ ಆ ಎರಡು ತಿಂಗಳ ಸೀರೆಯಲ್ಲಿತ್ತು. ಸೀರೆಯ ಮಾನ ಅವರ ಬೆರಳಿನ ತುದಿಯಲ್ಲಿತ್ತು.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ಇದ್ದಿಲಿನ ಹೊಗೆ ಉಗುಳುತ್ತ ಬಸ್ಸು ಓಡುತ್ತಿದ್ದ ಯುದ್ಧದ ಕಾಲದಲ್ಲಿ ನಾನು ಮಧುಗಿರಿಗೆ ಶಾಲೆಯ ಮೇಷ್ಟ್ರಾಗಿ ಬಂದು ಅಕ್ಕನ ಮನೆಯಲ್ಲೇ ಬಿಡಾರ ಹೂಡಿದ್ದೆ. ಭಾವಮೈದ ಎಂಬ ಸಂಬಂಧವನ್ನು ದೇವರು ಸೃಷ್ಟಿಸಿರುವುದೇ ಭಾವನನ್ನು ನೋಡಿ ನಗುವುದಕ್ಕೆ. ಆ ಕರ್ತವ್ಯಕ್ಕೆ ನಾನು ಯಾವತ್ತೂ ಚ್ಯುತಿ ತಂದವನಲ್ಲ.

ಭಾವನ ಚಳಿಗಾಲದ ದಿನಚರಿ ಕೇಳಿ. ಬೇಸಿಗೆಯ ಸೀಗೆಪುಡಿಗೆ ಆಗ ಮನೆಯಲ್ಲಿ ಬಹಿಷ್ಕಾರ. ಅದರ ಜಾಗಕ್ಕೆ ಹಾಲಿನಲ್ಲಿ ಕಲಸಿದ ಕಡಲೆಹಿಟ್ಟು. ಸ್ನಾನದ ನೀರು ಬಿಸಿಯಿದ್ದರೆ ಚರ್ಮದ ಜಿಡ್ಡು ಬೆಂದುಹೋಗುತ್ತದೆ, ತಣ್ಣಗಿದ್ದರೆ ಚರ್ಮ ಸಿಡಿಯುತ್ತದೆ. ಆದ್ದರಿಂದ ಉಗುರುಬೆಚ್ಚಗೆ, ಅದೂ ಅಕ್ಕ ಮೊಣಕೈ ಅದ್ದಿ ಪರೀಕ್ಷಿಸಿದ ಮೇಲೆ. ಲೋಕವೆಲ್ಲ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದರೆ ಭಾವ ಸ್ನಾನ ಮಾಡಿ, ಮೈ ಒರೆಸದೆ, ನೀರು ತೊಟ್ಟಿಕ್ಕುತ್ತಿರುವಾಗಲೇ ತೋವಿನಕೆರೆಯ ಗಾಣದ ಹರಳೆಣ್ಣೆಗೆ ಜೇನುಮೇಣ ಕರಗಿಸಿ ಹಚ್ಚುತ್ತಿದ್ದರು. "ಒದ್ದೆ ಇದ್ದಾಗ್ಲೇ ಮುಚ್ಚಳ ಹಾಕ್ಬುಡ್ಬೇಕು ಕಣಯ್ಯಾ ಮೇಷ್ಟ್ರೇ, ನೀರು ಒಳಗೇ ಉಳೀತದೆ" ಎಂದು ನನಗೆ ಪಾಠ ಹೇಳುತ್ತಿದ್ದರು. ಮಲಗುವಾಗ ಹತ್ತೂ ಬೆರಳಿಗೆ ತುಪ್ಪ ಸವರಿ, ಹಳೆ ಪಂಚೆಯಲ್ಲಿ ಹೊಲಿದ ಎರಡು ಚೀಲಗಳಲ್ಲಿ ಕೈಗಳನ್ನು ಇಳಿಸಿ, ಮಣಿಕಟ್ಟಿನಲ್ಲಿ ದಾರ ಬಿಗಿಸಿಕೊಳ್ಳುತ್ತಿದ್ದರು. ಸೊಳ್ಳೆ ಕಚ್ಚಿದರೆ? ಕೆರೆಯುವ ಕೆಲಸ ಅಕ್ಕನದು! "ಎಡಕ್ಕೆ, ಇನ್ನೂ ಎಡಕ್ಕೆ, ಅಲ್ಲಲ್ಲ ಕಣೇ, ಮೇಲೆ" ಎಂಬ ಅಪ್ಪಣೆಗಳು ಪಡಸಾಲೆಯಲ್ಲಿ ಮಲಗಿದ ನನಗೂ ಕೇಳಿಸುತ್ತಿದ್ದವು.

ಬೆಳಗ್ಗೆ ಲಿಂಗಪೂಜೆ ಮುಗಿದ ಮೇಲೆ ಪರೀಕ್ಷೆ. ದೇವರ ಕೋಣೆಯ ಬಾಗಿಲಿನ ಮೊಳೆಗೆ ಒಂದು ಹಸಿ ರೇಷ್ಮೆ ಎಳೆ ನೇತುಹಾಕಿರುತ್ತಿತ್ತು. ಅದನ್ನು ಒಂದೊಂದು ಬೆರಳಿನ ಮೇಲೂ ಎಳೆದು "ಪಾಸು... ಪಾಸು... ಲೇ, ಉಂಗುರದ ಬೆರಳು ಫೇಲು!" ಎಂದು ಫಲಿತಾಂಶ ಪ್ರಕಟಿಸುತ್ತಿದ್ದರು. ಫೇಲಾದ ಬೆರಳಿಗೆ ತುಪ್ಪ ಸವರಿದ ವೀಳ್ಯದೆಲೆಯ ಕಟ್ಟು. ನನ್ನ ಶಾಲೆಯಲ್ಲಿ ಫೇಲಾದವರಿಗೆ ಬೆತ್ತದ ಏಟು ಬೀಳುತ್ತಿತ್ತು. ಅವರು ಭಾವನ ಬೆರಳಾಗಿ ಹುಟ್ಟಬಾರದಿತ್ತೇ ಎಂದು ಎಷ್ಟೋ ಸಲ ಅನ್ನಿಸಿದೆ.

ಇನ್ನು ಊಟ! ನಮ್ಮ ಸೀಮೆಯಲ್ಲಿ ರಾಗಿಮುದ್ದೆಯನ್ನು ಹಬೆಯಾಡುವಾಗಲೇ ಮುರಿಯಬೇಕು, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಬಿಸಿ ಮುದ್ದೆಗೆ ಬೆರಳಿನ ತುದಿ ಒಣಗುತ್ತದೆಂದು ಭಾವ ಮುದ್ದೆಯನ್ನು ಬೆಳ್ಳಿ ಚಮಚದಲ್ಲಿ ತಿನ್ನತೊಡಗಿದರು. ಮುದ್ದೆ, ಚಮಚದಲ್ಲಿ! ಆ ದಿನ ಊಟಕ್ಕೆ ಬಂದಿದ್ದ ನಮ್ಮ ಚಿಕ್ಕಪ್ಪ ಎಲೆಯ ಮುಂದೆ ಕೈ ಕಟ್ಟಿ ಕೂತುಬಿಟ್ಟರು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು, "ನಿಮ್ಮ ಭಾವಂಗೆ ಕೈಗೇನಾದ್ರೂ ಲಕ್ವ ಹೊಡೆದದೇನ್ಲಾ? ಮುಚ್ಚಿಡಬ್ಯಾಡ ಹೇಳ್ಬುಡು" ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ಅಮಲ್ದಾರರು ಒಮ್ಮೆ ಅಂಗಡಿಗೆ ದಯಮಾಡಿಸಿ, ಇಂಗ್ಲಿಷ್ ಪದ್ಧತಿಯಂತೆ ಕೈ ಚಾಚಿದರು. ಬೇರೆ ಯಾರಾದರೂ ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಭಾವ ಅದನ್ನು ಬಗ್ಗಿ ನೋಡಿ, "ತಮ್ಮ ಹೆಬ್ಬೆರಳ ಪಕ್ಕ ಚರ್ಮ ಎದ್ದದೆ ಸ್ವಾಮಿ. ನಾಕು ದಿನ ತುಪ್ಪ ಹಚ್ಚಿ. ಆಮೇಲೆ ಕೈ ಕುಲುಕಾಣ" ಎಂದರು. ಅಮಲ್ದಾರರು ತಮ್ಮ ಕೈಯನ್ನು ಕೋಟಿನ ಜೇಬಿನೊಳಗೆ ಇಳಿಸಿದವರು ಅಂಗಡಿ ಬಿಡುವವರೆಗೂ ಹೊರಗೆ ತೆಗೆಯಲಿಲ್ಲ.

ಆದರೆ ಎಣ್ಣೆಗೂ ಒಂದು ಸಂಕಟವಿದೆ. ಒಣಗಿದ ಕೈ ಎಳೆ ಕೀಳುತ್ತದೆ ನಿಜ. ಜಿಡ್ಡಿನ ಕೈ ಕಲೆ ಮಾಡುತ್ತದಲ್ಲ! ಭಾವನಿಗೆ ಒಂದು ವರ್ಷ ಹೊಸ ಅನುಮಾನ ಹೊಕ್ಕಿತು: ಮೂರು ಬೆರಳು ಮಾತ್ರ ಪದೇ ಪದೇ ಫೇಲಾಗುತ್ತಿವೆ, ಏಕೆ? ಅವೇ ವಿಭೂತಿ ಹಚ್ಚುವ ಬೆರಳುಗಳು! ಬೂದಿ ತೇವ ಹೀರುತ್ತದೆ. ಹಾಗೆಂದು ವಿಭೂತಿ ಬಿಡಲಾದೀತೇ? ಶಿವ ಶಿವಾ! ಭಾವ ಯೋಚಿಸಿ ಯೋಚಿಸಿ, ವಿಭೂತಿಯನ್ನು ಬೆಣ್ಣೆಯಲ್ಲಿ ಕಲಸಿ ಹಚ್ಚಿಕೊಂಡು ಅಂಗಡಿಗೆ ಹೋದರು. ಹನ್ನೆರಡು ಗಂಟೆಯ ಬಿಸಿಲು ಒಳಗೆ ಬಂದಿತು. ಹಣೆಯ ಮೂರು ಪಟ್ಟೆಗಳು ಒಂದಾಗಿ ಮೂಗಿನ ಮೇಲಿಂದ ಮೀಸೆಗೆ ಇಳಿದವು. ಭಾವ ಅದನ್ನು ಕೈಯಲ್ಲಿ ಒರೆಸಿಕೊಂಡು, ಅದೇ ಕೈಯಲ್ಲಿ ಪಾವಗಡದಿಂದ ಬಂದಿದ್ದ ಒಬ್ಬ ಮುದುಕಿಯ ಮುಂದೆ ಧಾರೆ ಸೀರೆ ಬಿಡಿಸಿ ಹರಡಿದರು. ಐದು ಬೆರಳಿನ ಜಿಡ್ಡು ಸೆರಗಿನ ಮೇಲೆ ಅಚ್ಚೊತ್ತಿತು. ಮುದುಕಿ ಕನ್ನಡಕ ಏರಿಸಿ, "ಅಯ್ಯೋ ರಾಮಾ! ಏಮಯ್ಯಾ ಸಾವ್ಕಾರ್ರೇ, ನೀವು ಸೀರೆ ಮಾರ್ತೀರೋ, ಒಬ್ಬಟ್ಟು ತಟ್ತೀರೋ?" ಎಂದಳು. ಆ ಸೀರೆಗೆ ಅಂಗಡಿಯಲ್ಲಿ ಒಬ್ಬಟ್ಟಿನ ಸೀರೆ ಎಂದೇ ಹೆಸರು ನಿಂತಿತು.

ಅಷ್ಟಕ್ಕೇ ಬಿಟ್ಟರೇ? ಶಿರಾದ ಒಬ್ಬ ಅತ್ತರ್ ಸಾಬರ ಹತ್ತಿರ ಕಲೆ ಕಟ್ಟದ, ಹಾಲಿನಷ್ಟು ಬೆಳ್ಳಗಿನ ಮುಲಾಮು ಸಿಗುತ್ತದೆಂದು ತಿಳಿದು ತರಿಸಿಕೊಂಡರು. ನಿಜಕ್ಕೂ ಅದ್ಭುತ ಮುಲಾಮು! ಹತ್ತೂ ಬೆರಳು ಫಸ್ಟ್ ಕ್ಲಾಸಿನಲ್ಲಿ ಪಾಸು. ಒಂದೇ ತೊಡಕೆಂದರೆ, ಅಂದಿನಿಂದ ಪೇಟೆಯ ಬೆಕ್ಕುಗಳೆಲ್ಲ ಭಾವನ ಭಕ್ತರಾದವು. ಅಂಗಡಿಗೆ ಹೋದರೆ ಹಿಂದೆ ಬರುವುದು, ಗಲ್ಲಾಪೆಟ್ಟಿಗೆಯ ಮೇಲೆ ಕೂತು ಅವರ ಕೈಯನ್ನೇ ದಿಟ್ಟಿಸುವುದು. ಅನುಮಾನ ಬಂದು ಭಾವ ನನ್ನನ್ನೂ ಕರೆದುಕೊಂಡು ಶಿರಾಕ್ಕೆ ಹೋದರು. ಸಾಬರು ಗಡ್ಡ ನೀವಿಕೊಳ್ಳುತ್ತ, "ಕುರಿ ಚರ್ಬಿ ಇಲ್ದೆ ಮುಲಾಮು ಗಟ್ಟಿ ಆಗೋದು ಹೆಂಗೆ ಸ್ವಾಮಿ? ನೀವು ಕೇಳಿದ್ರೆ ಮೊದ್ಲೇ ಹೇಳ್ತಿದ್ದೆ. ಕಸಮ್, ನೀವು ಕೇಳ್ಲೇ ಇಲ್ಲ" ಎಂದರು. ಸಾಬರ ಮಾತು ನ್ಯಾಯವಾದದ್ದೇ. ಆದರೆ ಆ ಕೈಯಲ್ಲಿ ದಿನವೂ ಲಿಂಗಪೂಜೆ ಮಾಡಿದ ಭಾವನ ಮುಖ ನೋಡಬೇಕಿತ್ತು! ಬಸ್ಸಿನಲ್ಲಿ ವಾಪಸು ಬರುವಾಗ ಎರಡು ಕೈಗಳನ್ನೂ ಕಿಟಕಿಯಿಂದ ಹೊರಗೇ ಹಿಡಿದುಕೊಂಡು ಕೂತಿದ್ದರು. ಮನೆ ಸೇರಿದ ಮೇಲೆ ಸಗಣಿ, ಹುಣಿಸೆಹಣ್ಣು, ಗೋಮೂತ್ರ, ವಿಭೂತಿ ಎಲ್ಲ ತಿಕ್ಕಿ ಶುದ್ಧವಾದರು. ಮರುದಿನ ಹತ್ತೂ ಬೆರಳು ಫೇಲು.

ಇಷ್ಟು ನಗುತ್ತಿದ್ದ ನನಗೆ ಒಂದು ವಿಷಯದಲ್ಲಿ ಮಾತ್ರ ನಗು ಬರುತ್ತಿರಲಿಲ್ಲ. ಅದು ನಮ್ಮಕ್ಕನ ಕೈ. ಭಾವ ಹಗ್ಗ ಮುಟ್ಟುವಂತಿಲ್ಲವಾದ್ದರಿಂದ ಬಾವಿಯ ನೀರೆಲ್ಲ ಅಕ್ಕನೇ ಸೇದಬೇಕು. ಮೇಣ ಕಾಯಿಸಿದ ಕೊಪ್ಪರಿಗೆಯನ್ನು ಬೂದಿ, ತೆಂಗಿನ ನಾರು ಹಾಕಿ ಅಕ್ಕನೇ ಉಜ್ಜಬೇಕು. ಚಳಿಗಾಲ ಬಂದರೆ ಅವಳ ಬೆರಳ ಗೆಣ್ಣುಗಳು ಬಿರಿದು, ಸೀಳಿನಲ್ಲಿ ಕೆಂಪು ಕಾಣುತ್ತಿತ್ತು. ಭಾವನ ಎಣ್ಣೆ ಹಚ್ಚಿಕೋ ಎಂದರೆ, "ಅದು ಅಂಗ್ಡಿ ಕೈಗೆ ಕಣಪ್ಪಾ. ನಾನೇನು ಸೀರೆ ಮಾರ್ತೀನಾ, ಸೌದೆ ಒಟ್ಟೋಳು" ಎಂದು ನಕ್ಕುಬಿಡುತ್ತಿದ್ದಳು. ರೇಷ್ಮೆ ವ್ಯಾಪಾರಿಯ ಹೆಂಡತಿ ಚಳಿಗಾಲದುದ್ದಕ್ಕೂ ರೇಷ್ಮೆ ಮುಟ್ಟುವಂತಿರಲಿಲ್ಲ! ಅಂಗಡಿಗೆ ಬುತ್ತಿ ತಂದರೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡೇ ನಿಲ್ಲುತ್ತಿದ್ದಳು. ಭಾವನ ಕಣ್ಣಿಗೆ ಅಮಲ್ದಾರರ ಹೆಬ್ಬೆರಳು ಕಂಡಿತು, ಇದು ಕಾಣಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ಅಷ್ಟರಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಮಾಘದಲ್ಲಿ ಮುಹೂರ್ತ. ಭಾವ ಅಂಗಡಿಯಲ್ಲಿದ್ದ ಅತ್ಯುತ್ತಮ ಸೀರೆಯನ್ನು, ಗಿಣಿಹಸಿರಿಗೆ ಕೆಂಪಂಚಿನದನ್ನು, ಅಕ್ಕನಿಗೆಂದು ಮನೆಗೆ ತಂದು ತೊಟ್ಟಿಯಂಗಳದ ಬೆಳಕಿನಲ್ಲಿ ಬಿಡಿಸಿದರು. ಅಕ್ಕ ಎರಡೂ ಮೊಣಕೈ ಮುಂದೆ ಮಾಡಿ, "ತೋಳ್ ಮೇಲೆ ಹಾಕಿ, ನೋಡ್ತೀನಿ" ಎಂದಳು. ಭಾವ ಹಾಕಿದರು. ಜಾರತೊಡಗಿದ ಸೀರೆಯನ್ನು ಅಕ್ಕ ಮರೆತು ಕೈಯಲ್ಲಿ ಹಿಡಿದುಬಿಟ್ಟಳು. ಚರ್‍ರ್!

ಎದೆಯ ಮೇಲೆ ಬರುವ ಜಾಗದಲ್ಲೇ ಒಂದು ಎಳೆ ಗೇಣುದ್ದ ಎದ್ದಿತು. ಭಾವ ಕೂಗಿಕೊಳ್ಳುತ್ತಾರೆಂದು ನಾನು ಕಾದೆ. ಭಾವ ಸೀರೆ ನೋಡಲಿಲ್ಲ. ಅಕ್ಕನ ಕೈಯನ್ನು ಹಿಡಿದು, ಬೆಳಕಿಗೆ ತಿರುಗಿಸಿ, ಎಷ್ಟೋ ಹೊತ್ತು ನೋಡಿದರು.

"ಇದು ಯಾವಾಗ್ಲಿಂದ ಹಿಂಗಾಯ್ತೇ?"

"ನಿಮ್ಮ ಕೈ ನುಣ್ಣಗಾದಾಗ್ಲಿಂದ" ಎಂದಳು ಅಕ್ಕ. ಅದರಲ್ಲಿ ಸಿಟ್ಟಿರಲಿಲ್ಲ, ಚುಚ್ಚುಮಾತೂ ಇರಲಿಲ್ಲ. ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ಭಾವ ಆ ದಿನ ಅಂಗಡಿಗೆ ಹೋಗಲಿಲ್ಲ.

ಮರುದಿನ ಬೆಳಗ್ಗೆ ಬಾವಿಯ ರಾಟೆ ಎಂದೂ ಇಲ್ಲದ ಹಾಗೆ ಕಿರುಚುತ್ತಿತ್ತು. ಎದ್ದು ನೋಡಿದರೆ ಭಾವ! ಪಂಚೆ ಎತ್ತಿ ಕಟ್ಟಿ, ಹಗ್ಗ ಹಿಡಿದು ನೀರು ಸೇದುತ್ತಿದ್ದಾರೆ. ಮೊದಲನೆಯ ಕೊಡ ಮೇಲೆ ಬಂತು; ಎರಡನೆಯ ಸಲ ಹಗ್ಗ ಜಾರಿ ಕೊಡ, ಹಗ್ಗ ಎರಡೂ ಬಾವಿಗೆ ಹೋದವು. ಪಾತಾಳಗರಡಿ ತಂದು ಎರಡನ್ನೂ ಎತ್ತಿದರು. ಆಮೇಲೆ ಬೂದಿ ಹಿಡಿದು ಕೊಪ್ಪರಿಗೆ ಉಜ್ಜಲು ಕೂತರು. "ಬುಡಿ, ಇದು ಅಂಗ್ಡಿ ವ್ಯಾಪಾರದ ಕಾಲ, ನಿಮ್ಮ ಕೈ ಹಾಳಾಗ್ತದೆ" ಎಂದು ಅಕ್ಕ ಬೇಡಿಕೊಂಡಳು. "ಆಗ್ಲಿ ಬುಡೇ" ಎಂದು ಭಾವ ಮತ್ತಷ್ಟು ಬೂದಿ ಹಾಕಿದರು.

ಅಲ್ಲಿಂದ ಇಡೀ ದಿನಚರಿ ಅಕ್ಕನ ಪಾಲಾಯಿತು. ಹಾಲು-ಕಡಲೆಹಿಟ್ಟು, ಹರಳೆಣ್ಣೆ-ಮೇಣ, ಚೀಲಗಳು ಕೂಡ. ಸೊಳ್ಳೆ ಎಲ್ಲಿ ಕಚ್ಚಿತೆಂದು ಕೇಳಿ ಕೇಳಿ ಕೆರೆಯುತ್ತಿದ್ದವರು ಈಗ ಭಾವ. ಅಕ್ಕ ಒಂದಕ್ಕೆ ಮಾತ್ರ ಒಪ್ಪಲಿಲ್ಲ. ಬೆಳ್ಳಿ ಚಮಚ ಎಲೆಯ ಪಕ್ಕಕ್ಕೆ ಬಂದಾಗ, "ಕೈ ಒಡೆದ್ರೂ ಒಡೀಲಿ, ಮುದ್ದೆ ಮರ್ವಾದೆ ಕಳೆಯಕ್ಕಾಗಲ್ಲ" ಎಂದು ಅದನ್ನು ದೂರ ತಳ್ಳಿಬಿಟ್ಟಳು.

ಭಾವನ ಕೈ ಎಂಟು ದಿನಕ್ಕೆಲ್ಲ ಬೀಸುವ ಕಲ್ಲಿನಂತೆ ಒರಟಾಯಿತು. ಅತ್ತ ಗಾಡಿಗಳು ಬರತೊಡಗಿದವು, ಇತ್ತ ಸೀರೆ ಬಿಡಿಸುವ ಕೈಯಿಲ್ಲ. "ನೀವೇ ಇಳಿಸ್ಕಂಡು ನೋಡ್ಕಳ್ರಮ್ಮ" ಎಂದು ಭಾವ ಕೈ ಹಿಂದೆ ಕಟ್ಟಿ ನಿಂತರು. ಬಂದವರು ಅನುಮಾನಪಟ್ಟು ಎದುರಂಗಡಿಗೆ ಹೋದರು. ಈ ವರ್ಷ ವ್ಯಾಪಾರ ಮುಳುಗಿತೆಂದು ನಾನು ತಿಳಿದೆ.

ಅಕ್ಕನ ಗೆಣ್ಣುಗಳ ಸೀಳು ಕೂಡಿಕೊಂಡ ದಿನ ಭಾವ ಅವಳನ್ನು ಕರೆದೊಯ್ದು ಅಂಗಡಿಯ ಗಾದಿಯ ಮೇಲೆ ಕೂರಿಸಿದರು. ಪೇಟೆ ಬೀದಿಯೇ ಮೂಗಿನ ಮೇಲೆ ಬೆರಳಿಟ್ಟಿತು. ಹೆಂಗಸು ಗಾದಿಯ ಮೇಲೆ ಕೂರುವುದೆಂದರೇನು! ನಾನು ಶಾಲೆ ಬಿಟ್ಟವನೇ ಓಡಿದೆ. ಶಿರಾ ಕಡೆಯ ಗೌಡರ ಮನೆಯವರು ಜವಳಿಗೆ ಬಂದಿದ್ದರು. ಅಕ್ಕ ಅವರ ಮುಂದೆ ಧಾರೆ ಸೀರೆ ಹರಡುತ್ತಿದ್ದಳು. ಭಾವ ಒಡೆದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದರು. ಬಂದವರಲ್ಲಿ ಹಿರಿಯಳಾದ ಗೌಡತಿ ಇಬ್ಬರನ್ನೂ ನೋಡಿ, "ಈಯಮ್ಮ ಯಾರು? ಅಂಗ್ಡಿ ಯಜಮಾನ್ರು ಎಲ್ಲವ್ರೆ?" ಎಂದು ಕೇಳಿದಳು.

"ಇವ್ರೇ ಯಜಮಾನ್ರು ಕಣವ್ವಾ" ಎಂದರು ಭಾವ. "ನಾನು ಇವ್ರ ಮನೇಲಿ ನೀರು ಸೇದೋನು."

ಅಕ್ಕ ತಲೆಯೆತ್ತಲಿಲ್ಲ. ಅವಳ ಬೆರಳುಗಳು ಆ ರೇಷ್ಮೆಯ ಮೇಲೆ ಒಂದು ಗಳಿಗೆ ನಿಂತವು. ಆಮೇಲೆ ಸೆರಗಿನ ತುದಿಯವರೆಗೂ ಮೆಲ್ಲಗೆ ಹರಿದುಹೋದವು, ಎಲ್ಲೂ ಒಂದೆಳೆಗೂ ತಗುಲದೆ.