ರಾಗಿ ಹಿಟ್ಟಿನ ಡಬ್ಬದ ಮೇಲಿನ ಅತ್ಯುತ್ತಮ ಆಟಗಾರ

ಯಾರೂ ಕೇಳದಿದ್ದರೂ ಅಭಿಪ್ರಾಯ ಹೇಳುವ ಚಟ ಒಮ್ಮೆ ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಕೆಲವರಿಗೆ ಅದು ರಾಜಕೀಯದ ಮೇಲಿರುತ್ತದೆ, ಕೆಲವರಿಗೆ ಪಕ್ಕದ ಮನೆಯವರ ಮೇಲೆ. ನನಗೆ ಫುಟ್‌ಬಾಲಿನ ಮೇಲೆ. ಚಾಮರಾಜನಗರದ ಒಂದು ಕಚೇರಿಯಲ್ಲಿ ಕಡತ ನೋಡಿಕೊಂಡು, ಮಹಡಿ ಹತ್ತಿದರೆ ಏದುಸಿರು ಬಿಡುವ ನಾನು, ಇಂಗ್ಲೆಂಡಿನ ಒಂದು ಕೆಂಪಂಗಿಯ ಕ್ಲಬ್ಬಿನ ಮ್ಯಾನೇಜರಿಗೆ ವಾರವಾರವೂ ಸೋಫಾ ಮೇಲಿಂದ ಬುದ್ಧಿ ಹೇಳುತ್ತಿರುತ್ತೇನೆ. ಆತ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ, ಸೋಲುತ್ತಾನೆ, ಕೆಲಸ ಕಳೆದುಕೊಳ್ಳುತ್ತಾನೆ. ಆಮೇಲೆ ಬಂದವನಿಗೂ ನಾನು ಅದೇ ಬುದ್ಧಿ ಹೇಳುತ್ತೇನೆ. ಆ ಕ್ಲಬ್ಬು ಒಂದು ಒಳ್ಳೆಯ ಕಪ್ಪು ಗೆದ್ದಾಗ ನನ್ನ ತಲೆಯಲ್ಲಿ ಕಪ್ಪು ಕೂದಲಿತ್ತು. ಈಗ ಎರಡೂ ಇಲ್ಲ. ಆದರೂ ಬೇರೆ ಕ್ಲಬ್ಬಿಗೆ ಹೋಗು ಎಂದರೆ ಮನಸ್ಸು ಬರುವುದಿಲ್ಲ. ನನ್ನ ಹೆಂಡತಿ ರತ್ನ ಇದನ್ನು ನಿಷ್ಠೆ ಎನ್ನುವುದಿಲ್ಲ, ಸೋಮಾರಿತನ ಎನ್ನುತ್ತಾಳೆ.

ನನ್ನ ಅಭಿಪ್ರಾಯಗಳು ಟೀವಿಯಿಂದ ಹುಟ್ಟಿದವಲ್ಲ. ಅವು ಹುಟ್ಟಿದ್ದು ಗುಂಡ್ಲುಪೇಟೆಯ ಪಕ್ಕದ ನಮ್ಮ ಭೀಮನಬೀಡಿನಲ್ಲಿ, ಈರುಳ್ಳಿ ಕಿತ್ತು ಖಾಲಿಯಾದ ಒಂದು ಹೊಲದಲ್ಲಿ. ಉಳಿದ ಕಡೆಯ ಹುಡುಗರು ಕ್ರಿಕೆಟ್ಟಿಗೆ ಮರುಳಾಗಿದ್ದಾಗ ನಮಗೆ ಈ ಹುಚ್ಚು ಹಿಡಿಸಿದವರು ಕೇರಳದಿಂದ ತರಕಾರಿ ತುಂಬಲು ಬರುತ್ತಿದ್ದ ಲಾರಿಯವರು. ಲೋಡಾಗುವ ತನಕ ಸುಮ್ಮನೆ ಕೂರಲಾರದೆ ಸೀಟಿನ ಕೆಳಗಿಂದ ಚೆಂಡು ತೆಗೆದು ಒದೆಯುತ್ತಿದ್ದರು. ಅವರಲ್ಲಿ ಸಾಜು ಎಂಬ ಬತ್ತೇರಿಯ ಕ್ಲೀನರ್ ಒಬ್ಬನಿದ್ದ. ಬರಿಗಾಲಲ್ಲಿ ಅವನು ಆಡುತ್ತಿದ್ದ ಆಟವನ್ನು ನಾನು ಆಮೇಲೆ ಯಾವ ಟೀವಿಯಲ್ಲೂ ನೋಡಿಲ್ಲ ಎಂದರೆ ನೀವು ನಂಬಬೇಕು, ಏಕೆಂದರೆ ಸುಳ್ಳೆಂದು ತೋರಿಸಲು ನಿಮ್ಮಲ್ಲೂ ಸಾಕ್ಷಿಯಿಲ್ಲ. ಈಗಿನ ಕ್ಲಬ್ಬುಗಳು ಮಂಡಿ ಸವೆದ ಆಟಗಾರರನ್ನು ಕೊಳ್ಳಲು ಒಂದು ತಾಲ್ಲೂಕಿನ ರಸ್ತೆಗೆಲ್ಲ ಡಾಂಬರು ಹಾಕಿಸುವಷ್ಟು ದುಡ್ಡು ಸುರಿಯುತ್ತವೆ. ಉಡಿಗಾಲ ಎಂಬ ಊರಿನವರ ಮೇಲಿನ ಫೈನಲ್ಲಿಗೆ ಸಾಜುವನ್ನು ನಾವು ಕೊಂಡದ್ದು ಒಂದು ಮೂಟೆ ಸಾಂಬಾರ್ ಈರುಳ್ಳಿಗೆ. ಫುಟ್‌ಬಾಲ್ ಚರಿತ್ರೆಯಲ್ಲಿ ಅಷ್ಟು ನ್ಯಾಯವಾದ ವ್ಯಾಪಾರ ಇನ್ನೊಂದು ನಡೆದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈರುಳ್ಳಿ ಯಾರ ಮನೆಯದೆಂದು ಮಾತ್ರ ಆ ಮನೆಯವರಿಗೆ ನಾವು ತಿಳಿಸಿರಲಿಲ್ಲ.

ನಮ್ಮ ಮ್ಯಾನೇಜರು ಟೀ ಅಂಗಡಿಯ ನಂಜಪ್ಪಣ್ಣ. ಈಗಿನವರು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಏನೇನೋ ವ್ಯೂಹ ಬರೆಯುತ್ತಾರೆ, ಆಟಗಾರರಿಗೆ ತಲೆ ಚಿಟ್ಟು ಹಿಡಿಯುತ್ತದೆ. ನಂಜಪ್ಪಣ್ಣ ಸೊಂಟಕ್ಕೆ ಟವೆಲ್ ಬಿಗಿದು ಹೇಳುತ್ತಿದ್ದುದು ಒಂದೇ ಮಾತು: "ಚೆಂಡು ಎತ್ತಗ್ ಓಯ್ತದೋ ಅತ್ತಗ್ ಓಗ್ರುಲಾ, ಅಷ್ಟೆಯ." ಸೋತರೂ ಗೆದ್ದರೂ ಅವರನ್ನು ಕೆಲಸದಿಂದ ತೆಗೆಯುವ ಮಾತೇ ಇರಲಿಲ್ಲ. ಆಟ ಮುಗಿದ ಮೇಲೆ ಬನ್ನು, ಟೀ ಅವರದೇ. ಆ ಬನ್ನಿನ ರುಚಿ ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ನಂಜಪ್ಪಣ್ಣ ಈಗಿಲ್ಲ, ಆ ಅಂಗಡಿಯ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಮಾಡುತ್ತಾರೆ.

ಇನ್ನು ಆ ಫೈನಲ್ಲು. ಓಡಲಾರದವನನ್ನು ಗೋಲಿನ ಮುಂದೆ ನಿಲ್ಲಿಸುವುದು ನಂಜಪ್ಪಣ್ಣನ ಪದ್ಧತಿ, ಹಾಗಾಗಿ ನಾನು ಗೋಲಿ. ನನ್ನ ಜೀವದ ಗೆಳೆಯ ಮಾದೇವ ಮುಂದಿನ ಸಾಲಿನಲ್ಲಿ. ಮೊದಲರ್ಧ ಪೂರ್ತಿ ಸಾಜು ಚೆಂಡನ್ನು ನಮ್ಮ ಕಡೆ ಬರಲೇ ಬಿಡಲಿಲ್ಲ, ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಹಾಫ್ ಟೈಮಿಗೆ ಲಾರಿ ಲೋಡಾಯಿತು. ಡ್ರೈವರು ಹಾರ್ನ್ ಹೊಡೆದ, ಸಾಜು ಈರುಳ್ಳಿ ಮೂಟೆ ಹೊತ್ತುಕೊಂಡು ಹೊರಟೇ ಹೋದ. ಎರಡನೆಯ ಅರ್ಧದಲ್ಲಿ ಉಡಿಗಾಲದವರು ನನ್ನ ಮೇಲೆ ಮುಗಿಬಿದ್ದರು. ಎದೆಗೆ, ಮೂಗಿಗೆ, ಒಮ್ಮೆ ಬೆನ್ನಿಗೂ ಚೆಂಡು ತಾಕಿಸಿಕೊಂಡು ತಡೆದೆ. ಇನ್ನೇನು ಮುಗಿಯಿತು ಎನ್ನುವಾಗ ಉಡಿಗಾಲದ ಗೋಲಿನ ಹತ್ತಿರ ಚಡ್ಡಿಯ ಲಾಡಿ ಬಿಗಿದುಕೊಳ್ಳುತ್ತಿದ್ದ ಮಾದೇವನ ಮಂಡಿಗೆ ಎಲ್ಲಿಂದಲೋ ಚೆಂಡು ಬಡಿದು ಗೋಲಾಯಿತು. ಅವನಿಗೆ ಗೊತ್ತಾದದ್ದು ಜನ ಎತ್ತಿಕೊಂಡ ಮೇಲೆ. ಸರಿಯಾಗಿ ಆ ಹೊತ್ತಿಗೆ ಮುಖ್ಯ ಅತಿಥಿಗಳ ಜೀಪು ಬಂತು. ಅವರು ನೋಡಿದ್ದು ಅದೊಂದು ಗೋಲನ್ನು. 'ಅತ್ಯುತ್ತಮ ಆಟಗಾರ' ಎಂದು ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆಸಿದ್ದ ದೊಡ್ಡ ಸ್ಟೀಲ್ ಡಬ್ಬವನ್ನು ಮಾದೇವನ ಕೈಗಿತ್ತು, ಬೆನ್ನು ತಟ್ಟಿ, ಜೀಪು ಹತ್ತಿದರು. ನಾನು ಮೂಗಿಗೆ ಒತ್ತಿಕೊಂಡಿದ್ದ ಒದ್ದೆ ಬಟ್ಟೆ ತೆಗೆದು ಚಪ್ಪಾಳೆ ತಟ್ಟಿದೆ. ಜಗತ್ತಿನ ಪ್ರಶಸ್ತಿಗಳೆಲ್ಲ ಪೂರ್ತಿ ಆಟ ನೋಡದವರು ಕೊಡುವಂಥವು ಎಂಬ ನನ್ನ ಸಿದ್ಧಾಂತ ಹುಟ್ಟಿದ್ದು ಆವತ್ತು.

ಅಷ್ಟಕ್ಕೇ ಮುಗಿದಿದ್ದರೆ ಮರೆಯಬಹುದಿತ್ತು. ಆದರೆ ಮುಂದೆ ನಾನು ಮದುವೆಯಾದದ್ದು ಮಾದೇವನ ತಂಗಿ ರತ್ನಳನ್ನು. ನಮ್ಮತ್ತೆ ಮಗಳ ಜೊತೆ ಕಳಿಸಿದ ಪಾತ್ರೆ ಪಡಗದಲ್ಲಿ, ತಗಡು ದಪ್ಪಗಿದೆ ಎಂದು, ಆ ಡಬ್ಬವನ್ನೂ ಕಳಿಸಿಬಿಟ್ಟರು. ಅಂದಿನಿಂದ ಅದು ನಮ್ಮ ಅಡುಗೆಮನೆಯಲ್ಲಿ ರಾಗಿ ಹಿಟ್ಟು ತುಂಬಿಕೊಂಡು ಕೂತಿತ್ತು. ದಿನಾ ಮುದ್ದೆ ಉಣ್ಣುವ ಮನೆಯಲ್ಲಿ ರಾಗಿ ಡಬ್ಬದ ಕಣ್ಣು ತಪ್ಪಿಸಿ ಬದುಕುವುದು ಹೇಗೆ? ಊಟಕ್ಕೆ ಕೂತರೆ ಎದುರಿಗೇ ಅತ್ಯುತ್ತಮ ಆಟಗಾರ. ನಾನು ಅಕ್ಷರದ ಭಾಗವನ್ನು ಗೋಡೆಗೆ ತಿರುಗಿಸಿಡುತ್ತಿದ್ದೆ. ರತ್ನ ಹಿಟ್ಟು ತೆಗೆಯುವಾಗ ಮತ್ತೆ ಈಚೆಗೆ ತಿರುಗಿಸುತ್ತಿದ್ದಳು. ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ಮಾತು ನಡೆದದ್ದಿಲ್ಲ, ಡಬ್ಬ ಮಾತ್ರ ತಿರುಗುತ್ತಲೇ ಇತ್ತು.

ಮಾದೇವ ಊರಿನಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ. ಮೊದಲು 'ಏನ್ಲಾ' ಎನ್ನುತ್ತಿದ್ದವನು ಮದುವೆಯಾದ ಮೇಲೆ 'ಬಾವ' ಎನ್ನುತ್ತಾನೆ, ಬಹುವಚನ ಹಚ್ಚುತ್ತಾನೆ, ನಾನೂ ಹಾಗೆಯೇ. ಭಾನುವಾರ ಸಂಜೆ ನಮ್ಮ ಮನೆಗೆ ಬಂದು, ಕಡ್ಲೆಪುರಿ ತಟ್ಟೆ ನಡುವೆ ಇಟ್ಟುಕೊಂಡು ಮ್ಯಾಚು ನೋಡುವುದು ನಮ್ಮಿಬ್ಬರ ಬಹು ವರ್ಷಗಳ ಸುಖ. ಅವನು ನೀಲಿ ಅಂಗಿಯವರ ಕಡೆ, ನಾನು ಕೆಂಪು. ರತ್ನ ಯಾರ ಕಡೆಯೂ ಅಲ್ಲ, ಅವಳ ಕಣ್ಣೆಲ್ಲ ಬೆಂಚಿನ ಮೇಲೆ ಕೂತ ಹುಡುಗರ ಮೇಲೆ. "ಪಾಪ, ಆಗ್ಲಿಂದ ಕೂತದೆ, ಅದ್ಕೂ ವಸಿ ಆಡಕ್ ಬುಡ್ಬಾರ್ದಾ?" ಎಂದು ಮ್ಯಾನೇಜರನ್ನು ಬೈಯುತ್ತಾಳೆ. ಪ್ರತಿ ವರ್ಷ ಜಗತ್ತಿನ ಶ್ರೇಷ್ಠ ಆಟಗಾರ ಯಾರೆಂದು ಪ್ರಶಸ್ತಿ ಬಂದಾಗ ನಮ್ಮಿಬ್ಬರ ಜಗಳ ತಪ್ಪಿದ್ದಲ್ಲ. "ನೋಡಿ, ಮತ್ತೆ ಗೋಲು ಹೊಡೆದವನಿಗೇ ಕೊಟ್ಟರು, ತಡೆದವರು ಯಾರಿಗೂ ಕಾಣುವುದಿಲ್ಲ" ಎಂದು ನಾನು. "ಗೋಲೊಡೀದೆ ಆಟ ಎಲ್ಲಿ ಗೆದ್ದದು ಬಾವ?" ಎಂದು ಅವನು. ಇಬ್ಬರೂ ಬೈದಾಡುತ್ತಿದ್ದುದು ಯಾವುದೋ ದೇಶದ ಆಟಗಾರನ ಹೆಸರಿನಲ್ಲಿ, ಇಬ್ಬರಿಗೂ ಕಾಣುತ್ತಿದ್ದುದು ಅಡುಗೆಮನೆಯ ಡಬ್ಬ.

ಹೋದ ತಿಂಗಳು ಒಂದು ಭಾನುವಾರ ಮಾದೇವ ಮುಖ ಸಪ್ಪಗೆ ಮಾಡಿಕೊಂಡು ಬಂದ. ಕಡ್ಲೆಪುರಿ ಮುಟ್ಟಲಿಲ್ಲ. ಅವನ ಮಗಳು ಚಂದನ ಕಾಲೇಜಿನ ಹುಡುಗಿಯರ ಟೀಮಿನಲ್ಲಿ ಗೋಲಿ. ಅಂತರ ಕಾಲೇಜು ಫೈನಲ್ಲಿನಲ್ಲಿ ಬಂದ ಚೆಂಡನ್ನೆಲ್ಲ ತಡೆದು ಟೀಮನ್ನು ಗೆಲ್ಲಿಸಿದ್ದಳಂತೆ. ಬಹುಮಾನ ಮಾತ್ರ ಗೋಲು ಹೊಡೆದ ಹುಡುಗಿಗೆ. "ಇನ್ಮೇಲೆ ಆಡಕಿಲ್ಲ ಅಂತ ಗ್ಲೌಸ ಅಟ್ಟುದ್ ಮ್ಯಾಕ್ ಎಸ್ದವಳೆ ಬಾವ. ನ್ಯಾಯ್ವಾಗ್ ಯೇಳಿ, ತಡ್ದೋರ್ಗಲ್ವಾ ಕೊಡ್ಬೇಕು?" ಎಂದ.

ನಾನು ಏನು ಹೇಳಬೇಕಿತ್ತು? ಅರ್ಧ ಆಯುಷ್ಯ ಕಾದಿದ್ದ ಮಾತು ಅವನ ಬಾಯಿಂದಲೇ ಬಂದಿತ್ತು. ತಬ್ಬಿಕೊಂಡು 'ಹೌದು' ಎಂದಿದ್ದರೆ ಸಾಕಿತ್ತು. ಆದರೆ ಮಾದೇವ ಒಂದು ಮಾತು ಹೇಳಿದರೆ ಅದಕ್ಕೆ ಎದುರು ಹೇಳಿ ಹೇಳಿ ನನ್ನ ನಾಲಿಗೆ ಪಳಗಿಹೋಗಿದೆ. "ಅದು ಹೇಗಾಗುತ್ತೆ ಬಾವ, ಗೋಲು ಹೊಡೆಯದೆ ಆಟ ಗೆಲ್ಲುತ್ತದೆಯೇ?" ಎಂದುಬಿಟ್ಟೆ. ಅಂದದ್ದು ನಾನೇ ಎಂದು ನನಗೇ ನಂಬಲಾಗಲಿಲ್ಲ. ಮಾದೇವ ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡ. "ಊಟ ಮಾಡ್ಕೊಂಡು ಓಗಣ್ಣ" ಎಂದು ರತ್ನ ಬಾಗಿಲ ತನಕ ಹೋದಳು. "ಅಸ್ವಿಲ್ಲ ಕಣಮ್ಮಿ" ಎಂದು ಹೊರಟುಹೋದ.

ನಮ್ಮ ಕಡೆ ಅಣ್ಣ ತಂಗಿಯ ಮನೆಯಿಂದ ಉಣ್ಣದೆ ಹೋದರೆ ಅದು ಸಣ್ಣ ಮಾತಲ್ಲ. ಆ ರಾತ್ರಿ ರತ್ನ ಮುದ್ದೆ ಬಡಿಸಿ ಡಬ್ಬವನ್ನು ನನ್ನ ತಟ್ಟೆಯ ಮುಂದೆಯೇ, ಅಕ್ಷರ ಕಾಣುವ ಹಾಗೆ, ಇಟ್ಟು ಹೋದಳು. ಮುಂದಿನ ಭಾನುವಾರ ಮಾದೇವ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನ್ ಮಾಡಿದರೆ ಹೊಲದಲ್ಲಿದ್ದೇನೆ ಎಂದು ಇಟ್ಟುಬಿಡುತ್ತಿದ್ದ. ಕೆಂಪಂಗಿಯವರು ಒಂದು ದಿನ ನಾಲ್ಕು ಗೋಲು ಹೊಡೆದು ಗೆದ್ದರು, ನನಗೆ ಅಪರೂಪದ ದಿನ. ಪಕ್ಕದ ಖಾಲಿ ಕುರ್ಚಿ ನೋಡಿ ಅಳು ಬಂದಂತಾಯಿತು. ಕೆಣಕಲು ಮಾದೇವ ಇಲ್ಲದ ಮೇಲೆ ಗೆದ್ದು ಏನು ಮಾಡುವುದು? ಅದಕ್ಕಿಂತ ಆ ಹುಡುಗಿಯ ಗ್ಲೌಸು ಮನಸ್ಸನ್ನು ಕೊರೆಯುತ್ತಿತ್ತು. ನನಗಾದರೂ ಬಹುಮಾನ ತಪ್ಪಿದ ಮಾರನೆಯ ದಿನ ನಂಜಪ್ಪಣ್ಣ ಮನೆಗೆ ಬಂದು ಕಿವಿ ಹಿಂಡಿ ಹೊಲಕ್ಕೆ ಎಳೆದುಕೊಂಡು ಹೋಗಿದ್ದರು.

ಅದರ ಮುಂದಿನ ಭಾನುವಾರ ಬೆಳಗ್ಗೆ ನೋಡುತ್ತೇನೆ, ರತ್ನ ರಾಗಿ ಹಿಟ್ಟನ್ನೆಲ್ಲ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು, ಸ್ಟೀಲ್ ಡಬ್ಬವನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಳೆ. "ಪ್ಯಾಂಟಾಕ್ಕಳಿ, ಊರ್ಗೆ ಓಗನ" ಎಂದಳು. ಗುಂಡ್ಲುಪೇಟೆ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಷ್ಟು ವರ್ಷದಲ್ಲಿ ಅದನ್ನು ನಾನು ಕೈಯಲ್ಲಿ ಹಿಡಿದದ್ದು, ತಿರುಗಿಸುವುದಕ್ಕೆ ಬಿಟ್ಟರೆ, ಅದೇ ಮೊದಲು. ಊರಿನಲ್ಲಿ ನಮ್ಮ ಹಳೆಯ ಹೊಲದ ತುಂಬ ಬಾಳೆ ಹಾಕಿದ್ದಾರೆ. ಗೋಲು ಎಲ್ಲಿತ್ತೆಂದು ಹುಡುಕಿದೆ, ಗೊತ್ತಾಗಲಿಲ್ಲ.

ಮಾದೇವ ಜಗುಲಿಯ ಮೇಲಿದ್ದ. ನನ್ನ ಕೈಯಲ್ಲಿದ್ದ ಡಬ್ಬ ಅವನ ಕಣ್ಣಿಗೆ ಬಿದ್ದ ಕೂಡಲೇ ಎದ್ದು ನಿಂತ. ನಾನು ಅವನನ್ನು ದಾಟಿ ಒಳಗೆ ಹೋಗಿ ಚಂದನಳ ಕೈಗೆ ಡಬ್ಬ ಕೊಟ್ಟೆ. "ತಗೋಳಮ್ಮ, ತಡೆದೋರಿಗೆ ಇದು" ಎಂದೆ. ಇನ್ನೂ ಏನೇನೋ ಭಾಷಣ ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದೆ, ಅಷ್ಟರಲ್ಲಿ ಹುಡುಗಿ ಅಕ್ಷರ ಓದಿ, "ಇದು ಅಪ್ಪುಂದಲ್ವಾ ಮಾವ?" ಎಂದಳು.

ಬಾಗಿಲಲ್ಲಿ ನಿಂತಿದ್ದ ಮಾದೇವ ಹೇಳಿದ: "ನಂದಲ್ಲ ಕಣಮ್ಮಿ. ಬಾಲು ಬಂದು ಮಂಡೀಗ್ ಬಡೀತು, ನಂಗ್ ಗೊತ್ತೇ ಇಲ್ಲ. ಆವತ್ತೆಲ್ಲ ತಡ್ದದ್ದು ನಿಮ್ಮಾವ. ಡಬ್ಬ ನಿಮ್ಮತ್ತೆ ಜೊತ್ಗೆ ಕಳ್ಸವ್ವ ಅಂತ ಅವ್ವುಂಗೆ ಯೇಳುದ್ದೇ ನಾನು. ಅಂಗಾದ್ರೂ ಅವ್ನ ಮನೆ ಸೇರ್ಲಿ ಅಂತವ."

ಬಾವ, ಬಹುವಚನ ಎಲ್ಲ ಹಾರಿಹೋಗಿತ್ತು. ನಾನು ಇಷ್ಟು ವರ್ಷ ಗೋಡೆಗೆ ತಿರುಗಿಸಿಟ್ಟದ್ದು ಅವನು ನನಗೆ ಕೊಟ್ಟ ಬಹುಮಾನವನ್ನು. "ಇಲ್ಲ ಕಣ್ಲಾ, ಒಳ್ಳೆ ಗೋಲು ಅದು" ಎಂದೆ. ಅದೂ ಎದುರು ಮಾತೇ ಆಯಿತು. ಮಾದೇವ ನಕ್ಕುಬಿಟ್ಟ. ಚಂದನ ಅಟ್ಟ ಹತ್ತಿ ಗ್ಲೌಸು ತೆಗೆದು, ಧೂಳು ಕೊಡವಿ, ಡಬ್ಬದೊಳಗಿಟ್ಟು ಮುಚ್ಚಳ ಹಾಕಿದಳು. "ನಾಳೆ ಪ್ರಾಕ್ಟೀಸ್ ಅದೆ ಮಾವ" ಎಂದಳು. ಮಾದೇವನ ಮನೆಯಲ್ಲಿ ಆ ಮಧ್ಯಾಹ್ನ ನಾನು ಉಂಡಷ್ಟು ಮುದ್ದೆಯನ್ನು ಇತ್ತೀಚೆಗೆ ಎಲ್ಲೂ ಉಂಡಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ರತ್ನ ಕಿಟಕಿಯ ಕಡೆ ನೋಡುತ್ತ, "ಆವತ್ತು ಆಟ ನೋಡಕ್ಕೆ ನಾನೂ ಬಂದಿದ್ದಿ" ಎಂದಳು. ಇಷ್ಟು ವರ್ಷ ಸಂಸಾರ ಮಾಡಿದರೂ ಈ ಸಂಗತಿ ನನಗೆ ಗೊತ್ತಿರಲಿಲ್ಲ. ಯಾರನ್ನು ನೋಡಿದೆ ಎಂದು ಕೇಳಿದೆ. "ನಿಮ್ಮನ್ನೆಯ. ಮಿಕ್ಕೋರೆಲ್ಲ ಓಡಾಡ್ತಿದ್ರು, ಮೊಕವೇ ಕಾಣ್ತಿರ್ಲಿಲ್ಲ. ನೀವೊಬ್ರು ನಿಂತಿದ್ರಿ. ಆಮೇಲೆ ಮದ್ವೆ ಮಾತು ಬಂದಾಗ, ಆ ನಿಂತಿದ್ದೋರೇ ಆಗ್ಲಿ ಅಂತ ಅವ್ವುಂಗ್ ಯೇಳ್ದಿ." ನನ್ನ ಎದೆ ಉಬ್ಬಿತು. ಅಂತೂ ಆ ಜನದ ನಡುವೆ ನನ್ನ ಆಟವನ್ನು ಮೆಚ್ಚಿದ ಒಂದು ಜೀವ ಇತ್ತಲ್ಲ! "ಹಾಗಾದರೆ ಎರಡನೆಯ ಅರ್ಧದಲ್ಲಿ ಮೂಗಿನಲ್ಲಿ ರಕ್ತ ಬಂದರೂ ನಾನು ಹೇಗೆ ತಡೆದೆ ನೋಡಿದೆಯಾ?" ಎಂದು ಕೇಳಿದೆ.

"ಅದ್ಯಾವ್ದ ನಾ ಕಾಣೆ. ಲಾರಿ ಓಯ್ತಲ್ಲ, ಆಗ್ಲೇ ಅವ್ವ ಕರೀತು ಅಂತ ಮನೇಗ್ ಬಂದ್ಬುಟ್ಟಿ" ಎಂದಳು ರತ್ನ.

ಮೊದಲರ್ಧದಲ್ಲಿ ನಾನು ಮಾಡಿದ್ದೆಂದರೆ ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ಮಾತ್ರ. ಅಲ್ಲಿಗೆ ನನ್ನ ಜೀವನದ ದೊಡ್ಡ ಬಹುಮಾನವೂ ಪೂರ್ತಿ ಆಟ ನೋಡದವರು ಕೊಟ್ಟದ್ದೇ ಆಯಿತು. ಕ್ಲಬ್ಬು, ಮ್ಯಾನೇಜರು, ಪ್ರಶಸ್ತಿ ಎಲ್ಲದರ ಮೇಲೂ ನನ್ನ ಅಭಿಪ್ರಾಯಗಳು ಈಗಲೂ ಹಾಗೆಯೇ ಇವೆ, ಭಾನುವಾರ ಬಂದರೆ ಮಾದೇವನ ಮುಂದೆ ಹೇಳುತ್ತಲೂ ಇರುತ್ತೇನೆ. ರತ್ನ ಕೊಟ್ಟ ಆ ಒಂದು ತೀರ್ಪಿನ ಮೇಲೆ ಮಾತ್ರ ತುಟಿ ಬಿಚ್ಚಿಲ್ಲ.